ಕೆಂಪು ಲಕೋಟಿ, ಕೆಂಪು ಡಬ್ಬಿ: ಅಮೇರಿಕಾದ ಬಾಡಿಗಿ ಸಿನೆಮಾದ ಕಥಿ

ಬಾಡಿಗಿ ಅಂದ ಕೂಡ್ಲೆ ನಮಗ ನೆನಪಾಗೋದು ಮನಿ, ಇಲ್ಲಾ ಲಗ್ನಕ್ಕ ತರೋ ಹಂಡೆ-ಕೊಳಗ, ಖುರ್ಚಿ. ಅಮೇರಿಕಾದ ಮಂದಿ ಮಾತ್ರ ಹತ್ತಿರ ಹತ್ತಿರ 45 ವರ್ಷ ಸಿನೆಮಾನೂ ಹಿಂಗ ಬಾಡಿಗಿ ತಂದು ನೋಡಿದ್ರು. ಮೊದ್ಲ ಅಂಗಡಿಯಿಂದ ಕ್ಯಾಸೆಟ್ಟು, ಆಮ್ಯಾಲೆ ಪೋಸ್ಟಿನಾಗ ಡಿಸ್ಕು, ಆಮ್ಯಾಲೆ ಕಿರಾಣಿ ಅಂಗಡಿ ಬಾಗಲದಾಗಿನ ಮಷೀನು, ಕಡೀಕ ಇಂಟರ್ನೆಟ್ಟು. ಇವುಗಳಾಗ ಯಾವುದು ಛಲೋ, ಯಾವುದು ಸೋವಿ ಅಂತ ಅಲ್ಲೆ ಮನಿ-ಮನ್ಯಾಗ ಲೆಕ್ಕಾ ಹಾಕ್ತಿದ್ರು.

ಆ ಲೆಕ್ಕಾ ನಾನೂ ಕಣ್ಣಾರೆ ನೋಡೀನಿ. 2010ರಾಗ ಮಗಳ ಬಾಣಂತನಕ್ಕಂತ ನ್ಯೂ ಜೆರ್ಸಿಗೆ ಹೋಗಿ ಐದು ತಿಂಗಳು ಇದ್ದೆ. ಪೋಸ್ಟು, ಮಷೀನು, ಇಂಟರ್ನೆಟ್ಟು ಮೂರೂ ಅವಾಗ ಒಂದ ಮನ್ಯಾಗ ಕೂಡಿ ಇದ್ವು. ಇವತ್ತ ಅದರಾಗ ಒಂದ ಉಳದದ. ಉಳಿದ ಎರಡು ಹೆಂಗ ಬಂದ್ವು, ಯಾಕ ಹೋದ್ವು, ಅವುಗಳ ಕೂಡ ಇನ್ನೇನು ಹೋತು ಅನ್ನೋದನ್ನ ಇವತ್ತ ಬರೀತೀನಿ.

ಕಥಿ ಸುರು ಆಗೋದು 1977ರಾಗ. ಆಂದ್ರೆ ಬ್ಲೇ ಅನ್ನೋವರು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿಯಿಂದ 50 ಸಿನೆಮಾದ ಹಕ್ಕು ತೊಗೊಂಡು, ವಿಡಿಯೋ ಕ್ಯಾಸೆಟ್ ಮಾಡಿ ಮಾರಾಟಕ್ಕ ಇಟ್ರು. ಒಂದೊಂದಕ್ಕ ಸುಮಾರು 50 ಡಾಲರ್. ಆ ಕಾಲಕ್ಕ ಅದು ಸಣ್ಣ ರೊಕ್ಕ ಅಲ್ಲ. ಅದ ವರ್ಷ ಲಾಸ್ ಏಂಜಲೀಸ್‌ನಾಗ ಜಾರ್ಜ್ ಅಟ್ಕಿನ್ಸನ್ ಅನ್ನೋವರು ಆ ಕ್ಯಾಸೆಟ್ ಕೊಂಡು, ದಿನಕ್ಕ 10 ಡಾಲರ್‌ನಂಗ ಬಾಡಿಗಿ ಕೊಡ್ಲಿಕ್ಕೆ ಸುರು ಮಾಡಿದ್ರು. ಸಿನೆಮಾ ಕಂಪನಿಗೋಳಿಗೆ ಇದು ಸೇರಲಿಲ್ಲ. ಆದ್ರ ಕಾಯ್ದೆ ಬಾಡಿಗಿ ಕೊಡೋವರ ಕಡೆ ಇತ್ತು.

ಆ ಕಾಯ್ದೆದ್ದು ಒಂದು ಮಜಾ ಕಥಿ ಅದ ನೋಡ್ರಿ. ಒಬ್ಬ ಪುಸ್ತಕದ ಪ್ರಕಾಶಕ ತನ್ನ ಕಾದಂಬರಿ ಒಳಗ, ‘ಇದರ ಬೆಲಿ 1 ಡಾಲರ್, ಅದಕ್ಕಿಂತ ಕಡಿಮಿಗೆ ಮಾರೋ ಹಂಗಿಲ್ಲ’ ಅನ್ನೋ ಅರ್ಥದಾಗ ಅಚ್ಚು ಹಾಕಿಸಿದ್ದ. ನ್ಯೂಯಾರ್ಕಿನ ಮೇಸೀಸ್ ಅನ್ನೋ ದೊಡ್ಡ ಅಂಗಡಿಯವರು ಅದನ್ನ ಕೊಂಡು 89 ಸೆಂಟಿಗೆ ಮಾರಿದ್ರು. ಜಗಳ ಸುಪ್ರೀಂ ಕೋರ್ಟಿಗೆ ಹೋತು. 1908ರಾಗ ಕೋರ್ಟು ಅಂಗಡಿಯವರ ಪರ ತೀರ್ಪು ಕೊಡ್ತು. ಒಮ್ಮೆ ಮಾರಿದ ಮ್ಯಾಲೆ ಆ ಪ್ರತಿ ಕೊಂಡವರದು, ಅದನ್ನ ಅವರು ಎಷ್ಟಕ್ಕ ಮಾರ್ತಾರ ಅನ್ನೋದ್ರಾಗ ಪ್ರಕಾಶಕನ ಕಾರಭಾರ ನಡಿಯೂದಿಲ್ಲ ಅಂತ. ಮರುವರ್ಷ ಅದು ಕಾಯ್ದೆ ಒಳಗೂ ಬಂತು. ಪುಸ್ತಕಕ್ಕ ಹುಟ್ಟಿದ ಈ ನಿಯಮ ಮುಂದ ಸಿನೆಮಾ ಕ್ಯಾಸೆಟ್ಟಿಗೂ ಹೊಂದ್ತು. ಕೊಂಡ ಕ್ಯಾಸೆಟ್ಟು ನಂದು, ನಾ ಮಾರ್ತೀನಿ, ಇಲ್ಲಾ ಬಾಡಿಗಿ ಕೊಡ್ತೀನಿ, ಯಾರ ಅಪ್ಪಣಿನೂ ಬೇಕಾಗಿಲ್ಲ.

1984ರಾಗ ಹಾಡಿನ ರೆಕಾರ್ಡುಗಳಿಗೆ ಬ್ಯಾರೆ ಕಾಯ್ದೆ ಆತು. ಅವನ್ನ ಒಡಿಯರ ಅಪ್ಪಣಿ ಇಲ್ಲದ ಬಾಡಿಗಿ ಕೊಡೋ ಹಂಗಿಲ್ಲ ಅಂತ. ಸಿನೆಮಾದವರೂ ತಮಗ ಅಂಥಾದ್ದ ಕಾಯ್ದೆ ಬೇಕಂತ ಹಟಾ ಹಿಡಿದ್ರು, ಸಿಗಲಿಲ್ಲ. ಇಷ್ಟು ಮನಸಿನ್ಯಾಗ ಇಟಗೋರಿ, ಮುಂದಿನ ಕಥಿ ಎಲ್ಲಾ ಇದರ ಮ್ಯಾಲೆ ನಿಂತದ.

1985ರಾಗ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಾಗ ಬ್ಲಾಕ್‌ಬಸ್ಟರ್ ಅನ್ನೋ ಅಂಗಡಿ ಸುರು ಆತು. 2004ರ ಹೊತ್ತಿಗೆ ಅಂಥಾ ಅಂಗಡಿ 9,000ದ ಮ್ಯಾಲೆ ಆಗಿದ್ವು. ಶುಕ್ರವಾರ ಸಂಜಿಕೆ ಮಕ್ಕಳು-ಮರಿ ಕಟಗೊಂಡು ಹೋಗಿ ಸಿನೆಮಾ ಆರಿಸಿ ತರೋದು ಅಲ್ಲಿಯವರಿಗೆ ಸಂತಿಗೆ ಹೋದಂಗ. ತಡಾ ಮಾಡಿ ವಾಪಸ್ ಕೊಟ್ರ ದಂಡಾ. 2000ನೇ ಇಸವಿ ಒಂದರಾಗ ಈ ಕಂಪನಿಗೆ ದಂಡದ್ದ ಸುಮಾರು 80 ಕೋಟಿ ಡಾಲರ್ ಬಂದಿತ್ತಂತ. ದಂಡದ ಮ್ಯಾಲೆ ನಡಿಯೋ ಅಂಗಡಿ ಮ್ಯಾಲೆ ಗಿರಾಕಿಗೆ ಪ್ರೀತಿ ಎಷ್ಟು ದಿನ ಇರ್ತದ, ನೀವ ಹೇಳ್ರಿ.

1997ರಾಗ ಅಮೇರಿಕಾದ ಮಾರ್ಕೆಟ್ಟಿಗೆ ಡಿವಿಡಿ ಬಂತು. ಹಪ್ಪಳದಂಗ ತೆಳ್ಳಗ, ಹಗರ. ಕ್ಯಾಸೆಟ್ ಪೋಸ್ಟಿಗೆ ಹಾಕೋದು ತ್ರಾಸು, ಇದನ್ನ ಲಕೋಟಿ ಒಳಗ ಇಟ್ಟು ಕಳಸಬಹುದು. ಅದ ವರ್ಷ ರೀಡ್ ಹೇಸ್ಟಿಂಗ್ಸ್ ಮತ್ತ ಮಾರ್ಕ್ ರಾಂಡಾಲ್ಫ್ ಕ್ಯಾಲಿಫೋರ್ನಿಯಾದಾಗ ನೆಟ್‌ಫ್ಲಿಕ್ಸ್ ಕಟ್ಟಿದ್ರು. 1998ರ ಏಪ್ರಿಲ್‌ನಾಗ ವ್ಯಾಪಾರ ಸುರು ಆದಾಗ ಅವರ ಹತ್ರ ಇದ್ದದ್ದು 925 ಸಿನೆಮಾ. ಹೇಸ್ಟಿಂಗ್ಸ್ ಒಮ್ಮೆ ‘ಅಪೊಲೊ 13’ ಸಿನೆಮಾಕ್ಕ 40 ಡಾಲರ್ ದಂಡಾ ಕಟ್ಟಿದ್ದಕ್ಕ ಈ ಕಂಪನಿ ಹುಟ್ಟಿತು ಅನ್ನೋ ಕಥಿ ಎಲ್ಲಾ ಕಡೆ ಓಡ್ಯಾಡ್ತದ. ಕಂಪನಿ ಹುಟ್ಟಿದ್ದು ಹಂಗಲ್ಲ ಅಂತ ರಾಂಡಾಲ್ಫ್ ಅವರ ಆಮ್ಯಾಲೆ ಬರದಾರ.

ಮೊದ್ಲ ಒಂದೊಂದು ಸಿನೆಮಾಕ್ಕ ಬಾಡಿಗಿ ಇತ್ತು. 1999ರಿಂದ ತಿಂಗಳ ವರ್ಗಣಿ ಆತು. ದಂಡಾ ಇಲ್ಲ, ವಾಯಿದೆ ಇಲ್ಲ. ನೋಡಿದ ಡಿಸ್ಕು ಕೆಂಪು ಲಕೋಟಿ ಒಳಗ ಹಾಕಿ ಕಳಿಸಿದ್ರ, ಪಟ್ಟಿಯೊಳಗ ಬರೆಸಿದ ಮುಂದಿನದು ಬರ್ತಿತ್ತು. ಹತ್ತು ವರ್ಷದಾಗ ಅವರ ಕಪಾಟಿನ್ಯಾಗ ಸುಮಾರು 1,00,000 ಬಗಿ ಡಿಸ್ಕು ಆದ್ವು. ಇದಕ್ಕ ಕಾರಣ 1908ರ ಆ ತೀರ್ಪು. ಮಾರ್ಕೆಟ್ಟಿನಾಗ ಮಾರೋ ಡಿಸ್ಕು ಯಾವುದಿದ್ರೂ ಕೊಂಡು ತಂದು ಬಾಡಿಗಿ ಕೊಡಬಹುದಾಗಿತ್ತು. ಪ್ರತಿಯೊಬ್ಬ ಒಡಿಯನ ಮನಿ ಬಾಗಲಾ ಬಡಿಯೋ ಕೆಲಸ ಇರಲಿಲ್ಲ.

ಕೆಂಪು ಡಬ್ಬಿದು ಬ್ಯಾರೆ ಹುಟ್ಟು. ಬರ್ಗರ್ ಮಾರೋ ಮೆಕ್‌ಡೊನಾಲ್ಡ್ಸ್ ಕಂಪನಿಯವರ 2002ರಾಗ ರೆಡ್‌ಬಾಕ್ಸ್ ಸುರು ಮಾಡಿದ್ರು. ಮೊದ್ಲ ಅಂಥಾ ಮಷೀನಿನಾಗ ಹಾಲು, ಬ್ರೆಡ್ಡು ಮಾರಿ ನೋಡಿದ್ರು, ನಡೀಲಿಲ್ಲ. ಡಿವಿಡಿ ಇಟ್ಟಿದ್ದು ನಡೀತು. ಒಂದು ರಾತ್ರಿಗೆ 1 ಡಾಲರ್, ಮ್ಯಾಲೆ ತೆರಗಿ. ಒಂದು ಊರಾಗ ತೊಗೊಂಡು ಇನ್ನೊಂದು ಊರಿನ ಡಬ್ಬಿಗೆ ಹಾಕಿದ್ರೂ ನಡೀತಿತ್ತು. ಆದ್ರ ಒಂದು ಡಬ್ಬಿ ಒಳಗ ಹಿಡಿಯೋದು ಸುಮಾರು 600 ಡಿಸ್ಕು, 200 ಬಗಿ ಸಿನೆಮಾ, ಅದರಾಗೂ ಹೆಚ್ಚಿನೂ ಹೊಸಾವು.

2010ರಾಗ ಮಗಳ ಮನ್ಯಾಗಿನ ಲೆಕ್ಕಾ ಹಿಂಗಿತ್ತು. ಪೋಸ್ಟಿನ ವರ್ಗಣಿ ತಿಂಗಳಿಗೆ 8.99 ಡಾಲರ್, ಒಂದು ಸಲಕ್ಕ ಒಂದು ಡಿಸ್ಕು. ಹೋಗಿ ಬರೋ ದಿನಾ ಹಿಡದು ತಿಂಗಳಿಗೆ ಐದಾರು ಸಿನೆಮಾ ಆಗ್ತಿದ್ವು. ಅದ ರೊಕ್ಕದಾಗ ಇಂಟರ್ನೆಟ್ಟಿನಾಗೂ ನೋಡಬಹುದಿತ್ತು. ಅಳಿಯಂದ್ರಿಗೆ ಹೊಸಾ ಸಿನೆಮಾ ಬೇಕು, ಅವರು ಹಾಲು-ಕಾಯಿಪಲ್ಲೆ ತರೋವಾಗ ಡಬ್ಬಿಯಿಂದ ಒಂದು ತರ್ತಿದ್ರು. ಮಗಳಿಗೆ ಹಳೀ ಕಪ್ಪು-ಬಿಳುಪು ಸಿನೆಮಾ ಅಂದ್ರ ಜೀವ, ಅವು ಪೋಸ್ಟಿನಾಗ ಬರ್ತಿದ್ವು. ಮಧ್ಯಾಹ್ನ ಕೂಸು ಮಲಗಿದಾಗ ನಾವು ತಾಯಿ-ಮಗಳು ಇಂಟರ್ನೆಟ್ಟಿನಾಗ ಏನರ ಹಚ್ಚತಿದ್ವಿ. ಒಂದಿನ ನಾ ಕೇಳಿದೆ, “ಅಲ್ಲವಾ, ಇಂಟರ್ನೆಟ್ಟಿನಾಗ ಬರ್ತದಂದ್ರ ಈ ಲಕೋಟಿ ಯಾಕ ಬೇಕು?” ಅದಕ್ಕ ಅಕಿ, “ಅವ್ವಾ, ನಾ ಬರದಿಟ್ಟ ಪಟ್ಟಿಯೊಳಗಿನ ಹತ್ತು ಸಿನೆಮಾದಾಗ ಎಂಟು ಅಲ್ಲೆ ಇಲ್ಲ” ಅಂದ್ಲು.

ಯಾಕ ಇರಲಿಲ್ಲ ಅನ್ನೋದು ಮುಖ್ಯ. 2007ರ ಜನವರಿ ಒಳಗ ನೆಟ್‌ಫ್ಲಿಕ್ಸ್ ಸ್ಟ್ರೀಮಿಂಗ್ ಸುರು ಮಾಡಿದಾಗ ಅದರಾಗ ಇದ್ದದ್ದು ಸುಮಾರು 1,000 ಸಿನೆಮಾ ಅಷ್ಟ. ಸ್ಟ್ರೀಮಿಂಗ್‌ನಾಗ ಕೈಗೆ ಏನೂ ಬರೂದಿಲ್ಲ. ಕೊಂಡ ಪ್ರತಿ ಅನ್ನೋದ ಇಲ್ಲ ಅಂದ ಮ್ಯಾಲೆ 1908ರ ನಿಯಮಕ್ಕ ಅಲ್ಲೆ ಕೆಲಸ ಇಲ್ಲ. ಒಂದೊಂದು ಸಿನೆಮಾಕ್ಕೂ ಒಡಿಯನ ಅಪ್ಪಣಿ ಬೇಕು, ಅದಕ್ಕ ರೊಕ್ಕ, ಅದಕ್ಕ ವಾಯಿದೆ. ಸ್ಟಾರ್ಜ್ ಅನ್ನೋ ಚಾನೆಲ್ಲಿನ ಕೂಡ 2008ರಾಗ ಕರಾರು ಆಗಿ ಸುಮಾರು 2,500 ಸಿನೆಮಾ, ಕಾರ್ಯಕ್ರಮ ಬಂದ್ವು. 2012ರ ಫೆಬ್ರುವರಿ ಕಡೀಕ ಕರಾರು ಮುಗೀತು, ಅವೂ ಹೋದ್ವು.

ಡಿಸ್ಕಿನ ಮ್ಯಾಲೂ ಕಂಪನಿಗೋಳ ಕಣ್ಣು ಇದ್ದ ಇತ್ತು. ಡಬ್ಬಿಯೊಳಗ 1 ಡಾಲರಿಗೆ ಹೊಸಾ ಸಿನೆಮಾ ಸಿಕ್ರ ತಮ್ಮ ಡಿಸ್ಕು ಕೊಳ್ಳೋವರು ಯಾರು ಅಂತ ಅವರ ಚಿಂತಿ. ಮಾರಾಟಕ್ಕ ಬಂದು 28 ದಿನ ಆಗೋತನಕಾ ರೆಡ್‌ಬಾಕ್ಸಿಗೆ ಮಾಲು ಕೊಡೂದಿಲ್ಲ ಅಂತ ಕೆಲವರು ಪಟ್ಟು ಹಿಡಿದ್ರು. ರೆಡ್‌ಬಾಕ್ಸಿನವರು ಕೋರ್ಟಿಗೆ ಹೋದ್ರು, ಈ ಕಡೆ ಸಾದಾ ಅಂಗಡಿಗೆ ಹೋಗಿ ನಮ್ಮ-ನಿಮ್ಮಂಗ ಡಿಸ್ಕು ಕೊಂಡು ಡಬ್ಬಿ ತುಂಬಿದ್ರು! ಕಾಯ್ದೆ ಪ್ರಕಾರ ಅದನ್ನ ತಡಿಯೋ ಹಂಗಿರಲಿಲ್ಲ. ಕಡೀಕ 2010ರಾಗ 28 ದಿನಕ್ಕ ಒಪ್ಪಿ ರಾಜಿ ಆತು. ಅದ ವರ್ಷ ನೆಟ್‌ಫ್ಲಿಕ್ಸೂ ವಾರ್ನರ್ ಕಂಪನಿ ಕೂಡ 28 ದಿನಕ್ಕ ಒಪ್ಪಿತು, ಬದಲಿಗೆ ಸ್ಟ್ರೀಮಿಂಗಿಗೆ ಹೆಚ್ಚಿನ ಸಿನೆಮಾ ತೊಗೊಂತು. ಅಂದ್ರ ಡಿಸ್ಕಿನ ಸ್ವಾತಂತ್ರ್ಯ ಸ್ವಲ್ಪ ಬಿಟ್ಟುಕೊಟ್ಟು ಇಂಟರ್ನೆಟ್ಟಿನ ಅಪ್ಪಣಿ ಕೊಂಡಂಗಾತು.

2011ರಾಗ ಗಿರಾಕಿಗೂ ಆರಿಸೋ ಪಾಳಿ ಬಂತು. ಕೂಡಿ 9.99 ಡಾಲರ್ ಇದ್ದದ್ದನ್ನ ಒಡೆದು, ಡಿಸ್ಕಿಗೆ 7.99, ಸ್ಟ್ರೀಮಿಂಗಿಗೆ 7.99 ಅಂದ್ರು. ಎರಡೂ ಬೇಕಂದ್ರ 15.98. ಡಿಸ್ಕಿನ ವ್ಯಾಪಾರಕ್ಕ ಕ್ವಿಕ್‌ಸ್ಟರ್ ಅಂತ ಬ್ಯಾರೆ ಹೆಸರಿಡೋ ವಿಚಾರನೂ ಬಂತು, ಮಂದಿ ಬೈದ ಮ್ಯಾಲೆ ತಿಂಗಳೊಳಗ ಬಿಟ್ರು. ಆ ಮೂರು ತಿಂಗಳಾಗ 8,00,000 ಗಿರಾಕಿ ಹೋದ್ರು. ಆದ್ರ ಒಡಕು ಉಳೀತು. ಎರಡು ಬಿಲ್ಲು ಕಟ್ಟೋ ಬದ್ಲಿ ಹೆಚ್ಚಿನ ಮನಿಯವರು ಸರಳ ಇದ್ದದ್ದನ್ನ ಆರಿಸಿದ್ರು. ನಮ್ಮ ಅಳಿಯಂದ್ರೂ ಅದನ್ನ ಮಾಡಿದ್ರು. ಲೆಕ್ಕದಾಗ ತಪ್ಪೇನಿಲ್ಲ, ಸಣ್ಣ ಕೂಸಿನ ಮನ್ಯಾಗ ಪೋಸ್ಟಿನ ದಾರಿ ಕಾಯೋವರು ಯಾರು?

ಬ್ಲಾಕ್‌ಬಸ್ಟರ್ 2010ರಾಗ ದಿವಾಳಿ ಆತು, ಒರೆಗಾನ್ ರಾಜ್ಯದ ಬೆಂಡ್ ಅನ್ನೋ ಊರಾಗ ಒಂದ ಒಂದು ಅಂಗಡಿ ಉಳೀತು. ನೆಟ್‌ಫ್ಲಿಕ್ಸ್ 25 ವರ್ಷದಾಗ 520 ಕೋಟಿಗೂ ಮ್ಯಾಲೆ ಡಿಸ್ಕು ಕಳಿಸಿ, 2023ರ ಸೆಪ್ಟೆಂಬರ್ 29ಕ್ಕ ಪೋಸ್ಟಿನ ವ್ಯಾಪಾರ ನಿಲ್ಲಿಸ್ತು. ಕಡೀ ಡಿಸ್ಕು ವಾಪಸ್ ಕೇಳಲಿಲ್ಲ, ನೀವ ಇಟಗೋರಿ ಅಂದ್ರು. 2024ರ ಜುಲೈದಾಗ ರೆಡ್‌ಬಾಕ್ಸೂ ಮುಳುಗ್ತು. 20,000ಕ್ಕೂ ಹೆಚ್ಚು ಕೆಂಪು ಡಬ್ಬಿ ಅಂಗಡಿ ಬಾಗಲದಾಗ ಅನಾಥ ನಿಂತ್ವು.

ನಮ್ಮ ದೇಶದ ಕಾಯ್ದೆ ಮೊದ್ಲಿಂದನೂ ಬ್ಯಾರೆ. 1994ರಾಗ ತಿದ್ದಿದ ಮ್ಯಾಲಂತೂ, ಸಿನೆಮಾದ ಪ್ರತಿ ಕೊಂಡಿದ್ರೂ ಬಾಡಿಗಿ ಕೊಡ್ಲಿಕ್ಕೆ ಒಡಿಯರ ಅಪ್ಪಣಿ ಬೇಕು ಅಂತ ಇತ್ತು. ನಮ್ಮ ಓಣ್ಯಾಗಿನ ವಿಡಿಯೋ ಲೈಬ್ರರಿಯವರು ಅದನ್ನೆಲ್ಲಾ ಎಲ್ಲೆ ಕೇಳ್ತಿದ್ರು ಬಿಡ್ರಿ! ಆದ್ರ ಅಮೇರಿಕಾದಾಗ ಅದು ಹಕ್ಕ ಇತ್ತು. ಹಕ್ಕು ಇನ್ನೂ ಪುಸ್ತಕದಾಗ ಹಂಗ ಅದ. ಅದನ್ನ ಉಪಯೋಗಿಸೋ ವಸ್ತುನ ಮನಿಯಿಂದ ಹೋಗಲಿಕತ್ತದ.

ಅದಕ್ಕ ಸ್ಟ್ರೀಮಿಂಗ್ ಬ್ಯಾಡ ಅಂತ ನಾ ಹೇಳೂದಿಲ್ಲ, ನಾನೂ ದಿನಾ ರಾತ್ರಿ ಅದನ್ನ ನೋಡ್ತೀನಿ. ಆದ್ರ ಅದು ಬೀಗರ ಮನಿ ಊಟ ಇದ್ದಂಗ. ಬಡಿಸಿದ್ದು ಉಣ್ಣಬೇಕು, ಬಡಿಸದಿದ್ದದ್ದು ಕೇಳೋ ಹಂಗಿಲ್ಲ. ಡಿಸ್ಕು ಅಡಗಿಮನಿ ಡಬ್ಬಿಯೊಳಗಿನ ಕಾಳು, ಬೇಕಾದಾಗ ತೆಗೀಬಹುದು. ಮಗಳ ಊರಿನ ಸಾರ್ವಜನಿಕ ಗ್ರಂಥಾಲಯದಾಗ ಇನ್ನೂ ಡಿವಿಡಿ ಕಪಾಟ ಅದ, ಪುಸ್ತಕದಂಗ ಪುಕಟ ಕೊಡ್ತಾರ. ಅದೂ ಆ ಹಳೀ ನಿಯಮದ ಪುಣ್ಯಾನ. ನಿಮ್ಮ ಮಕ್ಕಳು ಅಲ್ಲೆ ಇದ್ರ ಆ ಕಪಾಟಿನ ಕಡೆ ಒಮ್ಮೆ ಹೋಗ್ಲಿಕ್ಕೆ ಹೇಳ್ರಿ. ಇಲ್ಲೆ ನಿಮ್ಮ ಮನ್ಯಾಗ ಜೀವಕ್ಕ ಬೇಕಾದ ಸಿನೆಮಾದ ಡಿಸ್ಕು ಇದ್ರ, ದೀಪಾವಳಿ ಸ್ವಚ್ಛತಾದಾಗ ರದ್ದಿಗೆ ಹಾಕಬ್ಯಾಡ್ರಿ.