ಕಣ್ಣಿನ ಹಗ್ಗಜಗ್ಗಾಟಕ್ಕೆ ವಿಷವೇ ಮದ್ದಾದ ಕಥೆ

ಬೆಳಿಗ್ಗೆ ಎದ್ದು ನೋಡಿದರೆ ಗೋಡೆಯ ಮೇಲೆ ಒಂದರ ಬದಲು ಎರಡು ಗಡಿಯಾರ. ಒಂದು ಕಣ್ಣು ಮುಚ್ಚಿಕೊಂಡರೆ ಮತ್ತೆ ಒಂದೇ. ಕನ್ನಡಿಯಲ್ಲಿ ನೋಡಿಕೊಂಡರೆ ಒಂದು ಕಣ್ಣು ಮೂಗಿನತ್ತ ವಾಲಿದೆ. ಮಧುಮೇಹ, ರಕ್ತದೊತ್ತಡ ಇರುವ ಕೆಲವರಿಗೆ ಹೀಗಾಗುವುದುಂಟು. ತಲೆಗೆ ಪೆಟ್ಟು ಬಿದ್ದಾಗ, ಮಿದುಳಿನಲ್ಲಿ ಗಡ್ಡೆ ಬೆಳೆದಾಗಲೂ ಆಗಬಹುದು. ಇಲ್ಲಿ ಕೈಕೊಟ್ಟಿರುವುದು ಕಣ್ಣಲ್ಲ, ಅದನ್ನು ಹೊರಳಿಸುವ ನರ.

ಪ್ರತಿ ಕಣ್ಣುಗುಡ್ಡೆಯನ್ನೂ ಆರು ಸ್ನಾಯುಗಳು ಹಿಡಿದುಕೊಂಡಿವೆ. ಇವನ್ನು ಆಳುವುದು ಮಿದುಳಿನಿಂದ ಹೊರಡುವ ಮೂರು ನರಗಳು. ಮೂರನೆಯ ಕಪಾಲ ನರದ ಪಾಲಿಗೆ ನಾಲ್ಕು ಸ್ನಾಯುಗಳಿದ್ದರೆ, ನಾಲ್ಕನೆಯ ಮತ್ತು ಆರನೆಯ ನರಗಳಿಗೆ ಒಂದೊಂದೇ. ಆರನೆಯದರ ಕೆಲಸ ಕಣ್ಣನ್ನು ಕಿವಿಯ ಕಡೆಗೆ ತಿರುಗಿಸುವುದು. ಮೂಗಿನ ಕಡೆಗೆ ಎಳೆಯುವ ಸ್ನಾಯುವಿಗೂ ಇದಕ್ಕೂ ಸದಾ ಹಗ್ಗಜಗ್ಗಾಟ. ಒಂದು ಕಡೆಯವರು ಹಗ್ಗ ಬಿಟ್ಟರೆ ಏನಾಗುತ್ತದೆಯೋ, ಆರನೆಯ ನರ ಸೋತಾಗ ಕಣ್ಣಿಗೂ ಅದೇ ಆಗುತ್ತದೆ.

ಓರೆಯಾದ ಕಣ್ಣನ್ನು ನೇರ ಮಾಡುವ ಪ್ರಯತ್ನ ಬಹಳ ಹಳೆಯದು. ಏಳನೆಯ ಶತಮಾನದ ಗ್ರೀಕ್ ವೈದ್ಯ ಪಾಲ್ ಆಫ್ ಈಜಿನಾ, ಮೆಳ್ಳೆಗಣ್ಣಿನ ಮಕ್ಕಳಿಗೆ ರಂಧ್ರಗಳಿದ್ದ ಮುಖವಾಡ ತೊಡಿಸಲು ಹೇಳಿದ್ದ. ರಂಧ್ರದ ಮೂಲಕ ನೋಡಿ ನೋಡಿ ಕಣ್ಣು ನೇರವಾದೀತೆಂಬ ಆಸೆ ಅವನದು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಎಂಬ ಸಂಚಾರಿ ವೈದ್ಯ ಯೂರೋಪಿನಾದ್ಯಂತ ಸುತ್ತಿ, ಮೆಳ್ಳೆಗಣ್ಣು ವಾಸಿ ಮಾಡುವುದಾಗಿ ಹೇಳಿಕೊಂಡ. ಓರೆಗಣ್ಣಿನ ಮೇಲ್ಪದರಕ್ಕೆ ಸಣ್ಣ ಗಾಯ ಮಾಡಿ, ಚೆನ್ನಾಗಿದ್ದ ಕಣ್ಣಿಗೆ ಪಟ್ಟಿ ಕಟ್ಟುತ್ತಿದ್ದನಂತೆ. ನೋಡುವ ಕೆಲಸ ಓರೆಗಣ್ಣಿನ ಮೇಲೆ ಬಿದ್ದು ಅದು ತಾನಾಗಿಯೇ ನೇರವಾಗುತ್ತಿತ್ತು. ಪಟ್ಟಿ ಬಿಚ್ಚಿದಾಗ ಕಣ್ಣು ಮತ್ತೆ ಓರೆ. ಅಷ್ಟರಲ್ಲಿ ವೈದ್ಯ ಊರು ಬಿಟ್ಟಿರುತ್ತಿದ್ದ. ಸಂಗೀತಗಾರ ಬಾಕ್‌ನ ಕಣ್ಣಿಗೆ 1750ರಲ್ಲಿ ಶಸ್ತ್ರಕ್ರಿಯೆ ಮಾಡಿದವನೂ ಇವನೇ. ಬಾಕ್ ಅದೇ ವರ್ಷ ತೀರಿಕೊಂಡ.

ನಿಜವಾದ ತಿರುವು ಬಂದದ್ದು 1839ರ ಅಕ್ಟೋಬರ್‌ನಲ್ಲಿ. ಬರ್ಲಿನ್‌ನ ಶಸ್ತ್ರವೈದ್ಯ ಯೋಹಾನ್ ಡೀಫೆನ್‌ಬಾಕ್, ಏಳು ವರ್ಷದ ಹುಡುಗನೊಬ್ಬನ ಕಣ್ಣನ್ನು ಮೂಗಿನತ್ತ ಎಳೆಯುತ್ತಿದ್ದ ಸ್ನಾಯುವನ್ನು ಕತ್ತರಿಸಿದ. ಅರಿವಳಿಕೆ ಬಳಕೆಗೆ ಬರಲು ಇನ್ನೂ ಏಳು ವರ್ಷ ಬೇಕಿತ್ತು. ಹುಡುಗನ ಕಣ್ಣು ನೇರವಾಯಿತು. ಸುದ್ದಿ ಹಬ್ಬಿ ಎಲ್ಲೆಡೆ ಇದೇ ಶಸ್ತ್ರಕ್ರಿಯೆ ನಡೆಯತೊಡಗಿತು. ಆದರೆ ಪೂರ್ತಿ ಕತ್ತರಿಸಿದ ಸ್ನಾಯು ಹಿಂದೆ ಸರಿದು, ಅನೇಕರ ಕಣ್ಣು ಹೊರಕ್ಕೆ ತಿರುಗಿಬಿಟ್ಟಿತು. ಎಷ್ಟು ಸಡಿಲಿಸಬೇಕೆಂಬ ಲೆಕ್ಕ ಸಿಗಲು ಮುಂದೆ ದಶಕಗಳೇ ಹಿಡಿದವು.

ನರವೇ ಸತ್ತಾಗ ಸಡಿಲಿಸುವುದಷ್ಟೇ ಸಾಲದು. 1907ರಲ್ಲಿ ಜರ್ಮನಿಯ ಹುಮೆಲ್ಸ್‌ಹೈಮ್ ಇದಕ್ಕೊಂದು ಉಪಾಯ ಕಂಡುಕೊಂಡ. ಕಣ್ಣಿನ ಮೇಲಿನ ಮತ್ತು ಕೆಳಗಿನ ಸ್ನಾಯುಗಳನ್ನು ಸೀಳಿ, ಒಂದೊಂದು ಭಾಗವನ್ನು ಸೋತ ಸ್ನಾಯುವಿನ ಪಕ್ಕಕ್ಕೆ ಹೊಲಿದ. ನೆರೆಯವರಿಂದ ಕೈಸಾಲ ತಂದಂತೆ. ಈ ವಿಧಾನ ಸುಧಾರಿತ ರೂಪಗಳಲ್ಲಿ ಇಂದಿಗೂ ಉಳಿದಿದೆ.

ಮುಂದಿನ ದಾರಿ ತೆರೆದದ್ದು ಕೆಟ್ಟ ಮಾಂಸದಿಂದ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವ್ಯೂರ್ಟೆಂಬರ್ಗ್‌ನಲ್ಲಿ ಸಾಸೇಜು ತಿಂದವರು ಕೆಲವೊಮ್ಮೆ ಸಾಯುತ್ತಿದ್ದರು. ಸಾಯುವ ಮುನ್ನ ರೆಪ್ಪೆ ಜೋತು, ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು. ವೈದ್ಯನೂ ಕವಿಯೂ ಆಗಿದ್ದ ಯುಸ್ಟಿನಸ್ ಕೆರ್ನರ್ ಈ ವಿಷವನ್ನು ಅಭ್ಯಸಿಸಿ 1822ರಲ್ಲಿ ಗ್ರಂಥ ಬರೆದ. ಅತ್ಯಲ್ಪ ಪ್ರಮಾಣದಲ್ಲಿ ಇದು ಔಷಧಿಯೂ ಆಗಬಹುದೆಂದು ಊಹಿಸಿದ. 1895ರಲ್ಲಿ ಬೆಲ್ಜಿಯಂನ ಎಲ್ಲೆಝೆಲ್ ಎಂಬ ಹಳ್ಳಿಯಲ್ಲಿ ಹಂದಿಮಾಂಸ ತಿಂದ ವಾದ್ಯಗಾರರಲ್ಲಿ ಮೂವರು ಸತ್ತಾಗ, ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ವಿಷದ ಮೂಲವಾದ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಿದ. ಲ್ಯಾಟಿನ್‌ನಲ್ಲಿ ‘ಬಾಟ್ಯುಲಸ್’ ಎಂದರೆ ಸಾಸೇಜು. ಬಾಟ್ಯುಲಿನಮ್ ಎಂಬ ಹೆಸರು ಬಂದದ್ದು ಅಲ್ಲಿಂದ.

ಈ ವಿಷ ನರದ ತುದಿಯಿಂದ ಸ್ನಾಯುವಿಗೆ ಸಂದೇಶ ದಾಟದಂತೆ ತಡೆಯುತ್ತದೆ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದ ನೇತ್ರತಜ್ಞ ಅಲನ್ ಸ್ಕಾಟ್ ಹುಡುಕುತ್ತಿದ್ದದ್ದು ಇಂಥದೊಂದು ವಸ್ತುವನ್ನೇ. ಕತ್ತರಿಯಿಲ್ಲದೆ ಸ್ನಾಯುವನ್ನು ಸಡಿಲಿಸಲು ಅವರು ಹಲವು ರಾಸಾಯನಿಕಗಳನ್ನು ಕೋತಿಗಳ ಮೇಲೆ ಪರೀಕ್ಷಿಸಿದರು. ಗೆದ್ದದ್ದು ಬಾಟ್ಯುಲಿನಮ್. 1970ರ ದಶಕದ ಕೊನೆಯಲ್ಲಿ ಮನುಷ್ಯರ ಮೇಲೆ ಪ್ರಯೋಗ ಆರಂಭವಾಗಿ, 1989ರಲ್ಲಿ ಅಮೆರಿಕ ಸರ್ಕಾರದ ಅನುಮತಿಯೂ ದೊರೆಯಿತು. ಮುಖದ ಸುಕ್ಕು ಅಳಿಸುವ ‘ಬೊಟಾಕ್ಸ್’ ಎಂದು ಲೋಕಪ್ರಸಿದ್ಧವಾದದ್ದು ಇದೇ ಔಷಧಿ. ಅದು ಹುಟ್ಟಿದ್ದು ಮೆಳ್ಳೆಗಣ್ಣಿಗಾಗಿ.

ಆರನೆಯ ನರ ಸೋತಾಗ ಚುಚ್ಚುಮದ್ದು ಬೀಳುವುದು ಸೋತ ಸ್ನಾಯುವಿಗಲ್ಲ, ಎದುರಿನ ಗಟ್ಟಿ ಸ್ನಾಯುವಿಗೆ. ಸುಮಾರು ಮೂರು ತಿಂಗಳು ಅದರ ಬಲ ತಗ್ಗಿರುತ್ತದೆ. ಅಷ್ಟರಲ್ಲಿ ನರ ಚೇತರಿಸಿಕೊಂಡರೆ ಆಟ ಮತ್ತೆ ಸಮಸಮ. ಮಧುಮೇಹದಿಂದ ಸೋತ ನರ ಬಹುಮಟ್ಟಿಗೆ ಕೆಲವೇ ತಿಂಗಳಲ್ಲಿ ತಾನಾಗಿ ಸರಿಹೋಗುವುದರಿಂದ, ಎಷ್ಟೋ ಮಂದಿಗೆ ಕಣ್ಣಿಗೆ ಪಟ್ಟಿ ಅಥವಾ ಪ್ರಿಸಂ ಕನ್ನಡಕವೇ ಸಾಕು. ಸಾಮಾನ್ಯವಾಗಿ ಆರು ತಿಂಗಳಾದರೂ ಕಾದ ನಂತರವೇ ಶಸ್ತ್ರಕ್ರಿಯೆಯ ಮಾತು. ಆದರೆ ಕಾಯಬೇಕೇ ಬೇಡವೇ ಎಂಬುದನ್ನು ವೈದ್ಯರೇ ಹೇಳಬೇಕು. ಎರಡೆರಡು ಕಾಣುವುದರ ಜೊತೆ ತೀವ್ರ ತಲೆನೋವು, ಜೋತ ರೆಪ್ಪೆ, ಅಗಲವಾದ ಪಾಪೆ ಇದ್ದರೆ ಅದು ಮಿದುಳಿನ ರಕ್ತನಾಳ ಉಬ್ಬಿರುವ ಸೂಚನೆಯಿರಬಹುದು. ಆಗ ಒಂದು ಗಂಟೆಯನ್ನೂ ಕಳೆಯಬಾರದು.

ಸೋತ ನರವನ್ನು ರಿಪೇರಿ ಮಾಡುವ ವಿದ್ಯೆ ವೈದ್ಯರಿಗೆ ಇನ್ನೂ ಒಲಿದಿಲ್ಲ. ಡೀಫೆನ್‌ಬಾಕ್‌ನಿಂದ ಸ್ಕಾಟ್‌ವರೆಗೆ ಎಲ್ಲರೂ ಮಾಡಿದ್ದು ಹಗ್ಗದ ಇನ್ನೊಂದು ತುದಿಯನ್ನು ಹದಗೊಳಿಸುವ ಕೆಲಸವನ್ನೇ. ಉಳಿದದ್ದನ್ನು ನರವೇ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದದ್ದು ಕಾಲ.