ಕಿತ್ತೂರು ಉತ್ಸವ

ಕಿತ್ತೂರು ಉತ್ಸವವು ಬೆಳಗಾವಿ ಜಿಲ್ಲೆಯ ಚನ್ನಮ್ಮನ ಕಿತ್ತೂರಿನಲ್ಲಿ ಪ್ರತಿವರ್ಷ ಅಕ್ಟೋಬರ್ 23ರಿಂದ 25ರವರೆಗೆ ನಡೆಯುವ ಸಾಂಸ್ಕೃತಿಕ ಹಬ್ಬ. 1824ರ ಅಕ್ಟೋಬರ್ 23ರಂದು ರಾಣಿ ಚನ್ನಮ್ಮನ ಪಡೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೋಲಿಸಿದ ನೆನಪಿಗೆ ಇದು ನಡೆಯುತ್ತದೆ. ಸಂಜೆಯ ಕಾರ್ಯಕ್ರಮಗಳ ಮುಖ್ಯ ವೇದಿಕೆ ಕೋಟೆಯ ಆವರಣದಲ್ಲಿರುತ್ತದೆ.

ಕಿತ್ತೂರು ಸಂಸ್ಥಾನದ ಕಥೆ 1585ರಷ್ಟು ಹಿಂದಿನದು. ಬಿಜಾಪುರದ ಆದಿಲ್‌ಶಾಹಿಗಳ ಸೇವೆಯಲ್ಲಿದ್ದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಸೋದರರು ಇದರ ಮೂಲಪುರುಷರು. ಮೊದಲು ಸಂಪಗಾವಿಯಲ್ಲಿದ್ದ ಗದ್ದುಗೆಯನ್ನು 17ನೇ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ಕಿತ್ತೂರಿಗೆ ತಂದ. ಮುಂದೆ ಮಲ್ಲಸರ್ಜ ದೇಸಾಯಿಯ ಕಾಲಕ್ಕೆ ಸಂಸ್ಥಾನ ಹೆಸರು ಮಾಡಿತು. ಕಾಕತಿಯ ಚನ್ನಮ್ಮ ಆತನ ಕಿರಿಯ ರಾಣಿ.

1824ರ ಸೆಪ್ಟೆಂಬರ್‌ನಲ್ಲಿ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಮಸ್ತಮರಡಿಯ ಹುಡುಗನನ್ನು ದತ್ತು ಪಡೆಯಲಾಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪದೆ ಖಜಾನೆಗೆ ಮುದ್ರೆ ಹಾಕಿಸಿದ. ಅಕ್ಟೋಬರ್ 23ರ ಕಾಳಗದಲ್ಲಿ ಕಿತ್ತೂರು ಪಡೆಯ ಅಮಟೂರು ಬಾಳಪ್ಪನ ಗುಂಡಿಗೆ ಅವನೇ ಬಲಿಯಾದ. ಕಂಪನಿಯ ಅಧಿಕಾರಿಗಳಾದ ಎಲಿಯಟ್ ಮತ್ತು ಸ್ಟೀವನ್ಸನ್ ಸೆರೆಸಿಕ್ಕರು. ಡಿಸೆಂಬರ್‌ನಲ್ಲಿ ಕಂಪನಿಯ ದೊಡ್ಡ ಫೌಜು ಬಂದು ಕೋಟೆ ಕೈಬಿಟ್ಟಿತು. ಬೈಲಹೊಂಗಲದಲ್ಲಿ ಬಂಧಿಯಾಗಿದ್ದ ಚನ್ನಮ್ಮ 1829ರ ಫೆಬ್ರುವರಿಯಲ್ಲಿ ಕೊನೆಯುಸಿರೆಳೆದಳು. ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಅರಮನೆ ಉಳಿಯಲಿಲ್ಲ. ಈಗ ಕಾಣುವುದು ದಪ್ಪ ಗೋಡೆಗಳು, ಅಡುಗೆಮನೆ, ಸ್ನಾನಗೃಹ, ಬಾವಿ, ಧ್ರುವನಕ್ಷತ್ರ ನೋಡಲೆಂದು ಗೋಡೆಯಲ್ಲಿ ಬಿಟ್ಟ ರಂಧ್ರ. ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಆಯುಧ, ಶಿಲ್ಪ, ಕೆತ್ತನೆಯ ಬಾಗಿಲುಗಳಿವೆ.

ಕಿತ್ತೂರಿನ ನೆನಪನ್ನು ಉಳಿಸಿಕೊಂಡವರು ಲಾವಣಿಕಾರರು. ಕಂಪನಿ ಆಡಳಿತಕ್ಕೆ ಇಷ್ಟವಾಗದ ಈ ಕಥೆ ಡಪ್ಪು, ತುಂತುಣಿ, ತಾಳದ ಜೊತೆ ಜಾತ್ರೆಯಿಂದ ಜಾತ್ರೆಗೆ ನಡೆಯಿತು. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚುಮಾಡಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನ ದಂಗೆಯ ಹಾಡೂ ಇದೆ. ಇಲ್ಲಿಯೇ ಕಿತ್ತೂರಿಗೂ ಅರಮನೆಗಳಲ್ಲಿ ನಡೆಯುವ ಬೇರೆ ಉತ್ಸವಗಳಿಗೂ ವ್ಯತ್ಯಾಸ ಕಾಣುತ್ತದೆ. ಉದಾಹರಣೆಗೆ, ವಿಯೆಟ್ನಾಂನ ಹುಯೆ ನಗರದಲ್ಲಿ 2000ದಲ್ಲಿ ಆರಂಭವಾದ ಉತ್ಸವ ನುಯೆನ್ ಅರಸರ ಆಸ್ಥಾನ ಸಂಗೀತವನ್ನು ಅದರ ಮೂಲನೆಲೆಯಾದ ಅರಮನೆಯಂಗಳಕ್ಕೆ ಮರಳಿ ತಂದಿತು. ಕಿತ್ತೂರಿನ ಅಂಗಳಕ್ಕೆ ಬಂದಿರುವುದಾದರೋ ಹೊಲಮನೆಗಳ ಹಾಡು.

ಸರ್ಕಾರಿ ಉತ್ಸವ ಆರಂಭವಾದದ್ದು 1990ರ ದಶಕದಲ್ಲಿ. ಮೊದಲ ದಿನ ವೀರಜ್ಯೋತಿಯನ್ನು ಚನ್ನಮ್ಮ ವೃತ್ತದಲ್ಲಿ ಬರಮಾಡಿಕೊಂಡು ಜಾನಪದ ಮೆರವಣಿಗೆ ಹೊರಡುತ್ತದೆ: ಡೊಳ್ಳು, ಕರಡಿಮಜಲು, ಜಗ್ಗಲಗಿ, ನಂದಿಕೋಲು. ಹಗಲಲ್ಲಿ ವಿಚಾರಸಂಕಿರಣ, ಕವಿಗೋಷ್ಠಿ, ಫಲಪುಷ್ಪ ಪ್ರದರ್ಶನ, ಜಂಗೀ ಕುಸ್ತಿ. ಹೊತ್ತು ಮುಳುಗಿದ ಮೇಲೆ ವೇದಿಕೆ ಹಾಡು, ನೃತ್ಯ, ನಾಟಕಗಳದ್ದು. ಚಚಡಿ, ಬೈಲಹೊಂಗಲ, ಸವದತ್ತಿ ಸೀಮೆಯವರಿಗೆ ಇದು ಮನೆಯ ಹಬ್ಬ. ಹೆಸರಾಂತ ಚಿತ್ರಗೀತೆ ಗಾಯಕರು ಬಂದ ರಾತ್ರಿ ಮೈದಾನ ತುಂಬುವುದು ಸಹಜ. ಆದರೆ ಈ ಉತ್ಸವಕ್ಕೆ ತನ್ನದೇ ಚಹರೆ ಕೊಡುವವರು ಗೀಗೀ ಮೇಳದವರು, ಲಾವಣಿಕಾರರು.

ಕಿತ್ತೂರು ಇರುವ ಮುಂಬೈ ಕರ್ನಾಟಕ ಪ್ರದೇಶಕ್ಕೆ 2021ರಲ್ಲಿ ಕಿತ್ತೂರು ಕರ್ನಾಟಕ ಎಂಬ ಹೆಸರು ಬಂತು. 2022ರಲ್ಲಿ ಉತ್ಸವ ರಾಜ್ಯಮಟ್ಟಕ್ಕೇರಿತು. ಆ ವರ್ಷ ವೀರಜ್ಯೋತಿ ಬೆಂಗಳೂರಿನ ವಿಧಾನಸೌಧದಿಂದ ಹೊರಟಿತು. ವಿಜಯಕ್ಕೆ 200 ವರ್ಷ ತುಂಬಿದ 2024ರಲ್ಲಿ ಹಬ್ಬ ಇನ್ನಷ್ಟು ದೊಡ್ಡದಾಗಿ ನಡೆಯಿತು.

ಇದೇ ಸೀಮೆಯ ಸಂಗೊಳ್ಳಿಯಲ್ಲಿ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣ ಉತ್ಸವ ನಡೆಯುತ್ತದೆ. ಬೆಳವಡಿಯಲ್ಲಿ, ಶಿವಾಜಿಯ ಪಡೆಯನ್ನು ಎದುರಿಸಿದ ಮಲ್ಲಮ್ಮನ ಹೆಸರಿನ ಉತ್ಸವವಿದೆ. ಡೊಳ್ಳು, ಲಾವಣಿಯ ಮೇಳಗಳಿಗೆ ಕಿತ್ತೂರಿನ ಜೊತೆಗೆ ಈ ಎರಡೂ ಊರುಗಳು ವೇದಿಕೆಯಾಗಿವೆ.