ಎತ್ತಿಗಿದ್ದ ಪರೀಕ್ಷೆ ಕಾರಿಗೆ ಬಂದದ್ದು ಯಾವಾಗ?

ನಮ್ಮ ತ್ಯಾವಣಿಗೆ ಸೀಮೆಯ ಹಿರಿಯರು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡಿ, ನೊಗ ಕಟ್ಟಿ ನಡೆಸಿ, ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾತಾಡುತ್ತಿದ್ದರು. ಕಾರು ಕೊಳ್ಳುವವರಿಗೆ ಈ ಹಕ್ಕು ಬಹಳ ಕಾಲ ಸಿಗಲಿಲ್ಲ.

ಲೈಸೆನ್ಸ್ ಕಾಲದಲ್ಲಿ ಅಂಬಾಸಿಡರ್, ಫಿಯಾಟ್ ಬಿಟ್ಟರೆ ಹೆಚ್ಚು ಆಯ್ಕೆ ಇರಲಿಲ್ಲ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. 1983ರಲ್ಲಿ ಮಾರುತಿ 800ಕ್ಕೆ ಜನ 10,000 ರೂಪಾಯಿ ಮುಂಗಡ ಕಟ್ಟಿದ್ದು, ಓಡಿಸುವುದಿರಲಿ, ಮುಟ್ಟಿಯೂ ನೋಡದೆ. ಸರದಿ ಬಂದವರು ಅದನ್ನೇ 'ಆನ್' ಇಟ್ಟು ಮಾರಿದ್ದೂ ಉಂಟು.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಡವೆಂದಾಯಿತು. ಕಂಪನಿಗಳು ಹೆಚ್ಚಿದವು, ಗಿರಾಕಿಗೆ ಬೆಲೆ ಬಂತು, ಟೆಸ್ಟ್ ಡ್ರೈವ್ ರೂಢಿಯಾಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅದಕ್ಕೆ ಮೊದಲೇ ಜಾಗವಿತ್ತು: ಟ್ರೇಡ್ ಸರ್ಟಿಫಿಕೇಟ್ ಇರುವ ಡೀಲರು ಕೊಳ್ಳುವವರಿಗೆ ಗಾಡಿ ಓಡಿಸಿ ನೋಡಲು ಕೊಡಬಹುದು. ಕೊಡಬಹುದು ಅಷ್ಟೇ. ಹಾಗಾಗಿ ಸ್ಪೋರ್ಟ್ಸ್ ಕಾರಿನಂಥ ದುಬಾರಿ ಗಾಡಿಯ ಕೀಲಿ ಕೊಡುವ ಮುಂಚೆ ಗಿರಾಕಿಯನ್ನೇ ಅಳೆಯುವ ಶೋರೂಮುಗಳಿವೆ.

ದರ ಮಾತ್ರ ಇನ್ನೂ ಟವೆಲ್ ಕೆಳಗೇ ಇದೆ ಅನ್ನಿಸುತ್ತದೆ ನಮಗೆ. ಜಾಹೀರಾತಿನಲ್ಲಿ ಕಾಣುವುದು ಎಕ್ಸ್-ಶೋರೂಮ್ ಬೆಲೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆಯೇ ಶೇ. 18. ಅಂದರೆ 50 ಲಕ್ಷದ ಕಾರಿಗೆ 9 ಲಕ್ಷ. ಅದರ ಮೇಲೆ ಸೆಸ್ಸು, ವಿಮೆ. ಬುಕ್ಕಿಂಗ್ ದುಡ್ಡು ಕಟ್ಟುವ ಮುಂಚೆಯೇ ಆನ್-ರೋಡ್ ಲೆಕ್ಕವನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಅಳೆಯುವ ಮಾತು ಬಂತಲ್ಲ: 2022ರ ಜನವರಿಯಲ್ಲಿ ತುಮಕೂರಿನ ಶೋರೂಮೊಂದರಲ್ಲಿ ಸರಕು ಗಾಡಿ ಕೇಳಲು ಹೋದ ರೈತರನ್ನು, ಜೇಬಿನಲ್ಲಿ ಹತ್ತು ರೂಪಾಯಿಯೂ ಇರಲಿಕ್ಕಿಲ್ಲ ಎಂದು ಅಣಕಿಸಿದ್ದು ದೇಶವಿಡೀ ಸುದ್ದಿಯಾಯಿತು. ಅವರು ಗಂಟೆಯೊಳಗೆ ಹತ್ತು ಲಕ್ಷ ಹೊಂದಿಸಿ ತಂದರು. ಕೊನೆಗೆ ಕ್ಷಮೆ ಕೇಳಿದ್ದು ಕಂಪನಿ.